ಒಲೆಗೆ ಹಾಕಿದ ವಿಮಾನಗಳು

ನನ್ನ ಬಾಲ್ಯದಲ್ಲಿ ಒಟ್ಟು ಎಂಟು ವಿಮಾನಗಳನ್ನು ಕೈಯಾರೆ ಮಾಡಿದೆ. ಎಂಟನ್ನೂ ಕೈಯಾರೆ ನಮ್ಮ ಮನೆಯ ಬಚ್ಚಲ ಒಲೆಗೆ ಹಾಕಿದೆ. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ, ಮುದುಕಿ ಕತೆ ಕಟ್ಟುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅವರದ್ದೇನೂ ತಪ್ಪಿಲ್ಲ. ಸುಂಟಿಕೊಪ್ಪದ ರಸ್ತೆಯಲ್ಲಿ ಮೋಟಾರು ಹೋದರೆ ತೋಟದ ಆಳುಗಳು ಕುಕ್ಕೆ ಕೆಳಗಿಟ್ಟು ನೋಡುತ್ತಿದ್ದ ಕಾಲ ಅದು. ಆಗ ಹತ್ತು ವರ್ಷದ ಹುಡುಗಿಯೊಬ್ಬಳು ಕೊಟ್ಟಿಗೆಯ ಮಾಡಿನ ಕೆಳಗೆ ಕೂತು ಮರದಲ್ಲಿ ವಿಮಾನ ಕೆತ್ತುತ್ತಿದ್ದಳು ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬೇಡ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಉಳಿ ಜಾರಿದ ಗುರುತು ಇನ್ನೂ ಇದೆ. ಅದನ್ನು ತೋರಿಸಿ ಸುಮ್ಮನಾಗುತ್ತೇನೆ. ಉಳಿದದ್ದನ್ನು ಅವರಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ.

ನಮ್ಮದು ಅರೆಭಾಷೆ ಆಡುವ ಗೌಡರ ಮನೆ, ಸಣ್ಣ ಕಾಫಿ ತೋಟದ ನಡುವೆ ಇತ್ತು. ಮನೆಯಲ್ಲಿ ಇದ್ದದ್ದು ಅಜ್ಜಿ, ಅವಳ ಹಿರಿಮಗನಾದ ನನ್ನ ಅಪ್ಪ, ಅವ್ವ, ಮತ್ತು ನಾನು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು, ಚಿಕ್ಕಪ್ಪ ವಿಮಾನದ ಪಡೆಗೆ ಸೇರಿ ಹೋಗಿದ್ದ. ಹೆಸರಿಗೆ ಯಜಮಾನ ಅಪ್ಪ, ಆದರೆ ಆ ಮನೆಯಲ್ಲಿ ಅಜ್ಜಿ ಕೆಮ್ಮಿದರೆ ಅಪ್ಪ ಎದ್ದು ನಿಲ್ಲುತ್ತಿದ್ದ. ಅವಳ ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅದಕ್ಕೇ ಅವಳು ನಡುಮನೆಯಲ್ಲಿ ಒಂದು ಜಾಗ ಆರಿಸಿಕೊಂಡಿದ್ದಳು. ಅಡುಗೆಮನೆಯ ಬಾಗಿಲಿಗೂ ಕೈಸಾಲೆಯ, ಅಂದರೆ ಮುಂಜಗಲಿಯ, ಬಾಗಿಲಿಗೂ ಸಮ ದೂರದಲ್ಲಿ ಒಂದು ಗಿಡ್ಡ ಮಂಚ. ಅಲ್ಲಿ ಕೂತರೆ ಎರಡು ಕಡೆಯ ಸದ್ದೂ ಕೇಳುತ್ತದೆ. ಅವ್ವ ಪಾತ್ರೆಯಿಂದ ಎಷ್ಟು ಸೌಟು ಬಡಿಸಿದಳು ಎಂಬುದನ್ನು ಸದ್ದಿನಲ್ಲೇ ಅಜ್ಜಿ ಎಣಿಸುತ್ತಿದ್ದಳು. ಅಪ್ಪ ತುಪ್ಪ ಹಾಕಿಸಿಕೊಂಡರೆ ಸರಿ. ನನ್ನ ಬಟ್ಟಲಿನ ಮೇಲೆ ತುಪ್ಪದ ಚಮಚ ತಾಗಿದ ಸದ್ದು ಕೇಳಿದರೆ ಅಲ್ಲಿಂದಲೇ ಕೂಗುತ್ತಿದ್ದಳು, "ಗೂಡೆಗೆ ಎಂತಕೆ ತುಪ್ಪ, ಕುಸ್ತಿಗೆ ಹೋಕಾ?" ಗೂಡೆ ಎಂದರೆ ಹುಡುಗಿ. ನನಗೆ ಹೆಸರಿತ್ತು, ಅಜ್ಜಿಯ ಬಾಯಲ್ಲಿ ಅದು ಬಂದದ್ದು ನನಗೆ ನೆನಪಿಲ್ಲ.

ನಮ್ಮ ಕಡೆ ಗಂಡು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರೆ. ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು. ಗುಡ್ಡದಾಚೆಯ ಮನೆಯವರಿಗೆ ಬೇರೆ ಯಾರೂ ಹೋಗಿ ಹೇಳಬೇಕಿಲ್ಲ. ಹೆಣ್ಣು ಹುಟ್ಟಿದರೆ ಏನೂ ಇಲ್ಲ. ಅವ್ವನಿಗೆ ನನ್ನ ಮೇಲೆ ಬೇರೆ ಮಕ್ಕಳಾಗಲಿಲ್ಲ. ಊಟಕ್ಕೆ ಕೂತಾಗ, ಬಾಯಿಗೆ ಅನ್ನ ಇಡುವ ಹೊತ್ತು ನೋಡಿ, ಅಜ್ಜಿ ಇದನ್ನು ಎತ್ತುತ್ತಿದ್ದಳು.

"ಈ ಗೂಡೆ ಹುಟ್ಟಿದ ದಿನ ಕೋವಿ ಗೋಡೆಂದ ಇಳಿಲೇ ಇಲ್ಲೆ. ಇನ್ನ್ ಇಳಿದುಂ ಇಲ್ಲೆ."

ಅವ್ವನ ಬಡಿಸುವ ಕೈ ಒಂದು ಗಳಿಗೆ ನಿಂತು ಮತ್ತೆ ಬಡಿಸುತ್ತಿತ್ತು, ಅಷ್ಟೆ. ಅಪ್ಪ ಊಟ ಮುಂದುವರಿಸುತ್ತಿದ್ದ. ಆ ಮನುಷ್ಯ ಕೆಟ್ಟವನಲ್ಲ, ಆದರೆ ತಾಯಿಯ ಎದುರು ಅವನಿಗೆ ಬೆನ್ನೆಲುಬೇ ಇರಲಿಲ್ಲ. ಬೆನ್ನೆಲುಬಿಲ್ಲದವರು ಮಾಡುವ ಅನ್ಯಾಯ ಕೆಟ್ಟವರದಕ್ಕಿಂತ ಹೆಚ್ಚು ನೋಯಿಸುತ್ತದೆ. ಇದು ನನಗೆ ಆ ವಯಸ್ಸಿಗೇ ಗೊತ್ತಾಯಿತು.

ಅಜ್ಜಿ ಈ ಲೋಕದಲ್ಲಿ ಪ್ರೀತಿಸಿದ್ದು ಚಿಕ್ಕಪ್ಪನೊಬ್ಬನನ್ನು. ಅವನು ರಜೆಯಲ್ಲಿ ಬಂದಾಗ ಮಾತ್ರ ಆ ಮುಖದಲ್ಲಿ ನಗು ಕಾಣುತ್ತಿತ್ತು. ಅವನ ಕೊನೆಯ ರಜೆಯಲ್ಲಿ ಅವಳು ಅವನ ಎರಡು ಕೈಯನ್ನೂ ಹಿಡಿದುಕೊಂಡು, ನೀನು ಹಾರಿಸುವ ವಸ್ತು ಹೇಗಿದೆ ಹೇಳು, ಎಂದು ಕೇಳಿದಳು. ಚಿಕ್ಕಪ್ಪ ಬಾಯಲ್ಲಿ ಹೇಳಿದ, ಗಾಳಿಯಲ್ಲಿ ಕೈಬೀಸಿ ತೋರಿಸಿದ, ಅವಳ ಅಂಗೈ ಮೇಲೆ ಬೆರಳಿನಿಂದ ಬರೆದೂ ತೋರಿಸಿದ. ಅವಳಿಗೆ ತಿಳಿಯಲಿಲ್ಲ. ಹದ್ದಿನ ಹಾಗಾ, ಎಂದು ಕೇಳಿದಳು. ಅಲ್ಲ ಅಂದ. ದೋಣಿಯ ಹಾಗಾ? ಅದೂ ಅಲ್ಲ. ಅವನ ಬಳಿ ಸಿಪಾಯಿಗಳಿಗೆ ಕೊಡುವ ಒಂದು ಕಟ್ಟು ಕಾರ್ಡುಗಳಿದ್ದವು. ಒಂದೊಂದು ಕಾರ್ಡಿನಲ್ಲೂ ಒಂದು ವಿಮಾನವನ್ನು ಮೇಲಿನಿಂದ, ಪಕ್ಕದಿಂದ, ಎದುರಿನಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಬರೀ ಕಪ್ಪು ನೆರಳಿನ ಮೂರು ಚಿತ್ರ. ಆಕಾಶದಲ್ಲಿ ಹೋಗುವುದು ನಮ್ಮದೋ ವೈರಿಯದೋ ಎಂದು ಗುರುತಿಸಲು ಕಲಿಯುವ ಕಾರ್ಡುಗಳು. ಅವನು ಅದರಲ್ಲಿ ಒಂದನ್ನು ಆರಿಸಿ ನನಗೆ ಕೊಟ್ಟ.

"ಇದ್ ಹರಿಕೇನ್. ನಾನ್ ಹಾರ್ಸುದು ಇದನ್ನೇ. ನೀ ಮರಲಿ ಒಂದ್ ಮಾಡಿ ಅಜ್ಜಿ ಕೈಗೆ ಕೊಡ್ ಮಗ. ಕೈಲಿ ಮುಟ್ಟಿರೆ ಅವ್ಕೆ ಗೊತ್ತಾದು."

ಮಾರನೆಯ ದಿನ ಅವನು ಹೊರಟುಹೋದ. ನಾನು ಅದೇ ವಾರ ಹಾಲುವಾಣದ ಒಂದು ಕೊಂಬೆ ತಂದು ಅಡುಗೆಮನೆಯ ಕತ್ತಿಯಲ್ಲಿ ಕೆತ್ತಲು ಶುರುಮಾಡಿದೆ. ತೋಟದಲ್ಲಿ ಕಾಫಿಗೆ ನೆರಳು ಕೊಡುವ ಆ ಮರ ಬಹಳ ಮೆದು, ಕತ್ತಿ ಸಲೀಸಾಗಿ ಇಳಿಯುತ್ತದೆ. ಆದರೆ ಒಣಗಿದ ಮೇಲೆ ಬಿರಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಂಟು ದಿನ ಕೂತು ಮಾಡಿದ ವಿಮಾನವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಜ್ಜಿಯ ಮಡಿಲಲ್ಲಿ ಇಟ್ಟೆ. ಅವಳು ನನ್ನ ತಲೆ ಸವರುತ್ತಾಳೆ ಎಂದುಕೊಂಡಿದ್ದೆ. ಇವತ್ತಿಗೂ ಆ ಆಸೆ ನೆನಪಾದರೆ ನಾಚಿಕೆಯಾಗುತ್ತದೆ. ಅವಳ ಬೆರಳುಗಳು ಮೂತಿಯಿಂದ ಬಾಲದವರೆಗೆ ಹೋದವು, ಮತ್ತೆ ಹಿಂದಕ್ಕೆ ಬಂದವು. ಹೊಟ್ಟೆಯಲ್ಲಿದ್ದ ಬಿರುಕಿನಲ್ಲಿ ಉಗುರು ಸಿಕ್ಕಿಸಿದಳು.

"ನನ್ನ ಮಗ ಇದ್ರಲಿ ಎಲ್ಲಿ ಕುದ್ರುದು?"

ನಾನು ಕೂರುವ ಜಾಗವನ್ನೇ ಮಾಡಿರಲಿಲ್ಲ. ಕಾರ್ಡಿನ ಕಪ್ಪು ಚಿತ್ರದಲ್ಲಿ ಅದು ಕಾಣುತ್ತಿರಲಿಲ್ಲ.

"ಜಾಗ ಇಲ್ಲೆ. ಹೊಟ್ಟೆ ಒಡ್ದುಟ್ಟು. ಅವನ ಸಾಯಿಸಿಕೆ ಮಾಡಿಯ ಇದ್ನ? ಹೋಗ್, ಬಚ್ಚಲೊಲೆಗೆ ಹಾಕ್. ನೀನೇ ಹಾಕ್, ಅವ್ವನ ಕೈಲಿ ಕೊಡ್‌ಬೇಡ."

ಹಾಕಿದೆ. ಒಣಗಿದ ಹಾಲುವಾಣ ಕ್ಷಣದಲ್ಲಿ ಹೊತ್ತಿಕೊಂಡಿತು. ಮಧ್ಯಾಹ್ನ ಅಜ್ಜಿ ಸ್ನಾನ ಮುಗಿಸಿ ಬಂದು ಮಂಚದ ಮೇಲೆ ಕೂತು, ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು, "ಇಂದ್ ನೀರ್ ಲಾಯ್ಕ ಕಾದುಟ್ಟು." ಆಮೇಲೆ, ಅಡಿಕೆಯ ಹೋಳು ದವಡೆಗೆ ಒತ್ತಿಕೊಂಡು, ಇನ್ನೊಂದು ಮಾತು ಹೇಳಿದಳು. ಸರಿಯಾದ್ದೊಂದು ಮಾಡಿ ತಾ. ಕೈಲ್ ಮುಹೂರ್ತದ ದಿನ ಅದು ಕೋವಿಯ ಪಕ್ಕದಲ್ಲಿ ಕೂರುತ್ತದೆ. ಕೈಲ್ ಮುಹೂರ್ತ ನಮ್ಮಲ್ಲಿ ಆಯುಧದ ಹಬ್ಬ. ನಾಟಿ ಕೆಲಸ ಮುಗಿದ ಮೇಲೆ ಮನೆಯ ಕೋವಿ, ಒಡಿಕತ್ತಿಗಳನ್ನೆಲ್ಲ ತೊಳೆದು ನಡುಮನೆಯ ದೀಪದ ಕೆಳಗೆ ಸಾಲಾಗಿ ಇಟ್ಟು, ಕೋವಿಯ ಬಾಯಿಗೆ ಬೆಂಕಿಬಣ್ಣದ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆ ಸಾಲಿನಲ್ಲಿ ಹೆಂಗಸರದ್ದು ಎನ್ನುವ ಒಂದು ವಸ್ತುವೂ ಇರುವುದಿಲ್ಲ. ನಾನು ಹುಟ್ಟಿದಾಗ ಗೋಡೆಯಿಂದ ಇಳಿಯದ ಕೋವಿಯ ಪಕ್ಕದಲ್ಲಿ ನನ್ನ ಕೈಕೆಲಸ ಇರುತ್ತದೆ! ಆ ದಿನದಿಂದ ನನಗೆ ಬೇರೆ ಯಾವುದೂ ಬೇಡವಾಯಿತು. ಶಾಲೆಯಿಂದ ಬಂದವಳು ಕೊಟ್ಟಿಗೆಯ ಪಕ್ಕಕ್ಕೆ ಓಡುತ್ತಿದ್ದೆ.

ಹತ್ತಿರದ ದೊರೆಯ ಎಸ್ಟೇಟಿನಲ್ಲಿ ಒಬ್ಬ ಮಲಯಾಳಿ ಆಚಾರಿ ಇದ್ದ. ಬಾಗಿಲು, ಕಿಟಕಿ, ದೊರೆಯ ಕುರ್ಚಿ ಎಲ್ಲ ಅವನ ಕೈಯದ್ದು. ನಾನು ಎರಡನೆಯ ವಿಮಾನದ ತುಂಡು ಹಿಡಿದುಕೊಂಡು ಅವನ ಕೆಲಸದ ಕೊಟ್ಟಿಗೆಗೆ ಹೋದಾಗ ಅವನು ನಗಲಿಲ್ಲ. ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಶಿವನೆ ಮರದ ಒಂದು ತುಂಡು ಎತ್ತಿ ಕೊಟ್ಟ.

"ಮೋಳೇ, ಮರಕ್ಕೆ ಒಂದು ದಾರಿ ಉಂಟು. ನೀನು ಆ ದಾರೀಲಿ ಹೋದ್ರೆ ಮರ ಬರ್ತದೆ. ಅಡ್ಡ ಹೋದ್ರೆ ಸೀಳ್ತದೆ. ಆತುರ ಬೇಡ."

ಅವನಿಂದ ಕಲಿತದ್ದು ಬಹಳ. ಮೊದಲು ಪಕ್ಕದ ನೆರಳನ್ನು ಮರದ ಮೇಲೆ ಮಸಿಯಲ್ಲಿ ಬರೆದು ಗರಗಸದಲ್ಲಿ ಕೊಯ್ಯಬೇಕು, ಆಮೇಲೆ ಮೇಲಿನ ನೆರಳು ಬರೆದು ಕೊಯ್ಯಬೇಕು. ಆಗ ವಿಮಾನದ ಒಡಲು ಚೌಕಾಕಾರದಲ್ಲಿ ಸಿಗುತ್ತದೆ. ಉಳಿಯಲ್ಲಿ ಮೂಲೆ ತೆಗೆದು, ಒಡೆದ ಬಾಟ್ಲಿಯ ಗಾಜಿನ ಚೂರಿನಲ್ಲಿ ಹೆರೆದು ದುಂಡು ಮಾಡಬೇಕು. ರೆಕ್ಕೆ ಬೇರೆ ಹಲಗೆ. ಒಡಲಿನ ಹೊಟ್ಟೆಯಲ್ಲಿ ತೋಡು ಮಾಡಿ ಕೂರಿಸಬೇಕು, ಎದುರಿನಿಂದ ನೋಡಿದರೆ ಎರಡು ತುದಿಯೂ ಸಮನಾಗಿ ಸ್ವಲ್ಪ ಮೇಲಕ್ಕೆ ಎದ್ದಿರಬೇಕು. ಮೂತಿಯಲ್ಲಿ ತಿರುಗುವ ಗಾಳಿಪಟ್ಟಿ ಮೂರನ್ನು ಬಿದಿರಿನಲ್ಲಿ ಮಾಡಬೇಕು. ಕೊನೆಗೆ ಒರಟಾದ ಗರಗತ್ತಿ ಎಲೆ ಹಾಕಿ ತಿಕ್ಕಿದರೆ ಮರ ಅಂಗೈಯಷ್ಟು ನಯವಾಗುತ್ತದೆ, ಜೇನುಮೇಣ ಸವರಿದರೆ ಹೊಳೆಯುತ್ತದೆ. ನಿಲ್ಲಿಸಲು ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಬೇರಿನ ಗಂಟು, ಅದಕ್ಕೆ ಒಂದು ಕಡ್ಡಿ. ಆ ಕಡ್ಡಿಯ ಮೇಲೆ ಕೂರಿಸಿದರೆ ವಿಮಾನ ಗಾಳಿಯಲ್ಲಿ ಇದ್ದ ಹಾಗೆ ಕಾಣುತ್ತಿತ್ತು. ನಾನು ದಿನಕ್ಕೆ ಹತ್ತು ಸಲ ಬಗ್ಗಿ, ಕಣ್ಣು ಅದರ ಮಟ್ಟಕ್ಕೆ ತಂದು ನೋಡುತ್ತಿದ್ದೆ.

ಆದರೆ ಅಜ್ಜಿಯ ಬೆರಳು! ಎರಡನೆಯದರಲ್ಲಿ ಒಂದು ರೆಕ್ಕೆ ಇನ್ನೊಂದಕ್ಕಿಂತ ಒಂದು ಅಕ್ಕಿಕಾಳಿನಷ್ಟು ತಗ್ಗಿತ್ತು, ಹಿಡಿದಳು. ಒಲೆಗೆ ಹೋಯಿತು. ಮೂರನೆಯದರ ಬಾಲ ಓರೆ. ನಾಲ್ಕನೆಯದರಲ್ಲಿ ಕೂರುವ ಕುಳಿ ಮಾಡಿದ್ದೆ, ಅವಳ ಹೆಬ್ಬೆರಳು ಅದರೊಳಗೆ ಹೋಗಲಿಲ್ಲ. "ನನ್ನ ಮಗನ ಮಂಡಿ ಮುರಿಯೊಕಾ?" ಎಂದಳು. ಐದನೆಯದನ್ನು ಮುಟ್ಟಿ ನೋಡಿದವಳು, ಇದರಲ್ಲಿ ಎಂಥದೂ ತಪ್ಪಿಲ್ಲ, ಆದರೆ ನೀನು ಹಿಡಿದುಕೊಂಡು ಬರುವಾಗ ನಿನ್ನ ಹೆಜ್ಜೆಯಲ್ಲಿ ಸೊಕ್ಕು ಕೇಳಿತು, ಹಾಕು ಒಲೆಗೆ, ಎಂದಳು. ಆರು, ಏಳು. ಪ್ರತಿ ಸಲವೂ ನಾನೇ ಹಾಕಬೇಕು, ಅದು ಹೊತ್ತಿಕೊಂಡ ಸದ್ದು ಕೇಳುವ ತನಕ ಅಲ್ಲೇ ನಿಂತಿರಬೇಕು, ಬಂದು "ಹಾಕಿದೆ" ಅನ್ನಬೇಕು. ಪ್ರತಿ ಸಲವೂ ನೀರು ಲಾಯ್ಕಾಗಿ ಕಾಯುತ್ತಿತ್ತು. ಒಂದು ಮಾತು ನಾನು ಒಪ್ಪಲೇಬೇಕು. ಐದನೆಯದೊಂದನ್ನು ಬಿಟ್ಟರೆ ಅವಳು ಹೇಳಿದ ತಪ್ಪುಗಳೆಲ್ಲ ನಿಜವೇ ಆಗಿದ್ದವು. ಕಾರ್ಡಿನ ಜೊತೆ ಹೋಲಿಸಿದಾಗ ಕಣ್ಣಿದ್ದ ನನಗೆ ಕಾಣದ್ದು ಕಣ್ಣಿಲ್ಲದ ಅವಳಿಗೆ ಸಿಕ್ಕಿರುತ್ತಿತ್ತು. ಅದಕ್ಕೇ ನನ್ನ ದ್ವೇಷ ಇನ್ನೂ ಬೆಳೆಯಿತು. ಸುಳ್ಳು ಸುಳ್ಳೇ ಬೈದಿದ್ದರೆ ಅತ್ತು ಮರೆತುಬಿಡುತ್ತಿದ್ದೆನೇನೋ. ಮುಂದೆ ಮೂವತ್ತು ವರ್ಷ ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದೆ. ಚೆನ್ನಾಗಿ ಬರೆದ ಮಗುವಿನ ಪುಸ್ತಕದಲ್ಲೂ ಒಂದು ತಪ್ಪು ಹುಡುಕದೆ ನನಗೆ ಸಮಾಧಾನವಾಗುತ್ತಿರಲಿಲ್ಲ. ಯಾರ ಕೈ ಅದು ಎಂದು ನನಗೆ ಗೊತ್ತಿತ್ತು.

ಎಂಟನೆಯದನ್ನು ಶುರುಮಾಡಿದ್ದು ಹಬ್ಬಕ್ಕೆ ಮುಂಚಿನ ಆಟಿ ತಿಂಗಳಲ್ಲಿ. ಅದೇ ತಿಂಗಳು ಅಪ್ಪ ಸುಂಟಿಕೊಪ್ಪದ ಅಂಚೆ ಕಚೇರಿಯಿಂದ ಒಂದು ತಂತಿ ತಂದ. ಮನೆಯೊಳಗೆ ಬರಲಿಲ್ಲ, ಕಾಫಿ ಒಣಗಿಸುವ ಕಣದಲ್ಲೇ ಕೂತುಬಿಟ್ಟ. ಅವ್ವ ಹೋದಳು, ನಾನೂ ಹಿಂದೆ ಹೋದೆ. ಚಿಕ್ಕಪ್ಪ ಬರ್ಮಾದ ಕಡೆ ವಿಮಾನ ಹಾರಿಸಿಕೊಂಡು ಹೋದವನು ಬೆಟ್ಟಕ್ಕೆ ಬಿದ್ದು ಸತ್ತಿದ್ದ. ಹೆಣ ಬರುವುದಿಲ್ಲ. ಅಪ್ಪ ಎರಡು ಕೈಯನ್ನೂ ತಲೆಯ ಮೇಲೆ ಇಟ್ಟುಕೊಂಡು ಅತ್ತ, ಆದರೆ ಸದ್ದಿಲ್ಲದೆ ಅತ್ತ. ನಡುಮನೆಗೆ ಕೇಳಬಾರದಲ್ಲ. ಸ್ವಲ್ಪ ಹೊತ್ತಾದ ಮೇಲೆ ಮುಖ ಒರೆಸಿಕೊಂಡು, ಅಜ್ಜಿಗೆ ಇದು ತಿಳಿಯಬಾರದೆಂದು ನಮ್ಮಿಬ್ಬರಿಗೂ ಹೇಳಿದ.

"ಅವ್ವಂಗೆ ಗೊತ್ತಾಕೆ ಬೊತ್ತು. ಗೊತ್ತಾದರೆ ಅದೇ ಗಳಿಗೆ ಹೋದವೆ. ಊರವಕ್ಕೆ ನಾನ್ ಹೇಳ್ನೆ. ಮನೇಲಿ ಯಾರುಂ ಬಾಯಿ ಬುಡ್‌ಬೇಡಿ."

ನನ್ನ ಕಡೆ ತಿರುಗಿ, "ನೀ ನಿನ್ನ ವಿಮಾನ ಮಾಡ್ತಾ ಇರ್. ನಿಲ್ಸಿರೆ ಅವ್ಕೆ ಸಂಶಯ ಬಂದದೆ" ಎಂದ.

ಸೂತಕ ಹಿಡಿಯಲಿಲ್ಲ. ಎರಡು ಗುಂಡು ಹೊಡೆಯಲಿಲ್ಲ. ಬಂದ ನೆಂಟರು ಅಂಗಳದಿಂದಲೇ ಅಪ್ಪನ ಕೈ ಹಿಡಿದು ಹಿಂದೆ ಹೋದರು. ಅಜ್ಜಿಗೆ ಮಾತ್ರ ಹದಿನೈದು ದಿನಕ್ಕೊಮ್ಮೆ ಮಗನ ಕಾಗದ ಬರುತ್ತಲೇ ಇತ್ತು. ಅಪ್ಪ ಹಳೆಯ ಕಾಗದವೊಂದನ್ನು ಬಿಡಿಸಿ ಹಿಡಿದುಕೊಂಡು, ಸದ್ದು ಬರುವ ಹಾಗೆ ಮಡಿಕೆ ಸರಿಮಾಡಿ, ಇಲ್ಲದ್ದನ್ನು ಓದುತ್ತಿದ್ದ. ಊಟ ಚೆನ್ನಾಗಿದೆ, ಚಳಿ ಇದೆ, ಅವ್ವನನ್ನು ಕೇಳಿದೆ ಎಂದು ಹೇಳಿ. ಅಜ್ಜಿ ಇನ್ನೊಮ್ಮೆ ಓದು ಎಂದರೆ ಎರಡನೆಯ ಸಲ ಅವನ ಮಾತು ಬೇರೆ ಆಗುತ್ತಿತ್ತು. ಅವಳು ಅದನ್ನು ಗಮನಿಸುವಳೋ ಎಂದು ನಾನು ಕಂಬದ ಹಿಂದೆ ನಿಂತು ಕೇಳುತ್ತಿದ್ದೆ. ಮಗನ ಸುದ್ದಿ ಎಂದರೆ ಅವಳ ಆ ಕಿವಿಯೂ ಕುರುಡಾಗುತ್ತಿತ್ತು. ನನಗೆ ಚಿಕ್ಕಪ್ಪನಿಗಾಗಿ ಅಳಲು ಆ ಮನೆಯಲ್ಲಿ ಒಂದು ಮೂಲೆಯೂ ಇರಲಿಲ್ಲ. ಉಳಿ ಹಿಡಿದು ಅವನು ಕೂರುವ ಕುಳಿಯ ಕೆಲಸಕ್ಕೆ ಕೂತೆ. ಸತ್ತವನಿಗೆ ಜಾಗ ಮಾಡುತ್ತಿದ್ದೇನೆ ಎಂದು ಗೊತ್ತಿದ್ದೂ ಅದನ್ನು ಅವನ ಅಳತೆಗೆ, ನಯವಾಗಿ ಕೊರೆದೆ. ಆಗ ಅದು ಬರೀ ಕೋವಿಯ ಪಕ್ಕ ಇಡುವ ಆಸೆಯಾಗಿ ಉಳಿದಿರಲಿಲ್ಲ. ಅವನದ್ದು ಅಂತ ಈ ಮನೆಯಲ್ಲಿ ಒಂದು ವಸ್ತು ನಿಲ್ಲಬೇಕಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅದನ್ನು ಅಜ್ಜಿಯ ಮಡಿಲಲ್ಲಿ ಇಟ್ಟೆ. ಅವಳು ಅರ್ಧ ಗಂಟೆ ಮುಟ್ಟಿದಳು. ರೆಕ್ಕೆಯ ಎರಡು ತುದಿಯನ್ನೂ ಒಟ್ಟಿಗೆ ಹಿಡಿದು ತೂಗಿದಳು. ಕುಳಿಯಲ್ಲಿ ಹೆಬ್ಬೆರಳು ಇಟ್ಟು ಸುತ್ತಿದಳು. ಗಾಳಿಪಟ್ಟಿಯನ್ನು ಊದಿ ತಿರುಗಿಸಿದಳು. ತಪ್ಪು ಸಿಗಲಿಲ್ಲ. ಸಿಗದ್ದಕ್ಕೆ ಅವಳಿಗೆ ಸಿಟ್ಟೇ ಬಂದಿತ್ತೆಂದು ಕಾಣುತ್ತದೆ, ಗಂಟಲು ಸರಿಮಾಡಿಕೊಂಡು, "ಇಡ್ ಹೋಗ್" ಎಂದಳು. ಅಷ್ಟೆ. ನಾನು ಹಿತ್ತಿಲಿಗೆ ಹೋಗಿ ನೆಲದ ಮೇಲೆ ಕೂತು ಅತ್ತೆ.

ಹಬ್ಬದ ದಿನ ಬೆಳಿಗ್ಗೆ ದೀಪದ ಕೆಳಗೆ ಮೂರು ಕೋವಿ, ಎರಡು ಒಡಿಕತ್ತಿ, ಅದರ ಪಕ್ಕ ನನ್ನ ವಿಮಾನ. ಸಾವಿನ ಮನೆಯಲ್ಲಿ ಹಬ್ಬ ಮಾಡಬಾರದು. ಮಾಡದಿದ್ದರೆ ಅಜ್ಜಿಗೆ ಗೊತ್ತಾಗುತ್ತದೆ. ಹಾಗಾಗಿ ಅವ್ವ ಅಕ್ಕಿ ಕಡುಬು ಬೇಯಿಸಿದಳು, ಹಂದಿ ಮಾಂಸದ ಸಾರು ಮಾಡಿದಳು, ಮೈದುನನ ಹೆಸರು ಹೇಳಿ ಮೊದಲ ಕಡುಬನ್ನು ಯಾರಿಗೂ ಕಾಣದ ಹಾಗೆ ಕಾಗೆಗೆ ಇಟ್ಟಳು. ಪೂಜೆ ಆದ ಮೇಲೆ ಗಂಡಸರು ಕೋವಿ ತೆಗೆದುಕೊಂಡು ತೆಂಗಿನಕಾಯಿಗೆ ಗುರಿ ಹೊಡೆಯಲು ಗದ್ದೆಯ ಕಡೆ ಹೋಗುವುದು ವಾಡಿಕೆ. ಅಪ್ಪ ಚಿಕ್ಕಪ್ಪನ ಕೋವಿಯನ್ನು ತೆಗೆದುಕೊಂಡ. ಹೋಗುವ ಮೊದಲು ಅಡುಗೆಮನೆಯಲ್ಲಿ ಅವ್ವನಿಗೆ ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಇವತ್ತು ಊರೆಲ್ಲ ಗುಂಡು ಹೊಡೆಯುತ್ತದೆ, ತಮ್ಮನಿಗೆ ಸಲ್ಲಬೇಕಾದ ಎರಡನ್ನು ಇವತ್ತೇ ಹೊಡೆದುಬಿಡುತ್ತೇನೆ, ಅಜ್ಜಿಗೆ ಗೊತ್ತಾಗುವುದಿಲ್ಲ.

ನಾನು ಕೈಸಾಲೆಯಲ್ಲಿ ಅಜ್ಜಿಯ ಪಕ್ಕ ಕೂತಿದ್ದೆ. ದೂರದಲ್ಲಿ ಒಂದೊಂದೇ ಗುಂಡಿನ ಸದ್ದು, ನಡುನಡುವೆ ಕೇಕೆ. ಆಮೇಲೆ ನಮ್ಮ ಗದ್ದೆಯ ದಿಕ್ಕಿನಿಂದ ಒಂದರ ಹಿಂದೆ ಒಂದು, ಎರಡು. ಅದರ ನಂತರ ಕೇಕೆ ಬರಲಿಲ್ಲ. ಅಜ್ಜಿ ಬೊಚ್ಚು ಬಾಯಿ ಅಗಲಿಸಿ ನಕ್ಕಳು.

"ಯಾವ ಕುರುಡ ಅದ್, ಒಂದ್ ಕಾಯಿಗೆ ಎರಡ್ ಗುಂಡ್? ಆ ಕೈ ಮುರ್ದ್ ಹೋಗಲಿ! ನನ್ನ ಮಗ ಇದ್ದಿದ್ದರೆ ಒಂದರಲೇ ಹಾರ್ಸ್‌ತಿತ್ತ್."

ಅಪ್ಪ ಕುಡಿದು ಬಂದ. ಅವನು ಹಬ್ಬಕ್ಕೆ ಕುಡಿಯುವವನೇ, ಆದರೆ ಆ ದಿನ ಅವನ ಕಣ್ಣು ಕೆಂಡವಾಗಿದ್ದವು. ಅಜ್ಜಿ ಒಳ್ಳೆಯ ಹುರುಪಿನಲ್ಲಿದ್ದಳು. ಹಬ್ಬದ ದಿನ ಮಗನ ಕಾಗದ ಓದು ಎಂದು ಹಟ ಹಿಡಿದಳು. ಅಪ್ಪ ಕಾಗದ ಬಿಡಿಸಿಕೊಂಡು ನಿಂತ. ಆಮೇಲೆ ಓದಿದ. ಚಿಕ್ಕಪ್ಪನಿಗೆ ಈಗ ದೊಡ್ಡ ವಿಮಾನ ಕೊಟ್ಟಿದ್ದಾರೆ, ಅದಕ್ಕೆ ಎರಡು ಇಂಜಿನು, ಒಂದು ಕೆಟ್ಟರೂ ಇನ್ನೊಂದು ಇದೆ, ಜೊತೆಗೆ ನಾಲ್ಕು ಜನ ಇದ್ದಾರೆ, ಅವನೀಗ ಒಬ್ಬನೇ ಇಲ್ಲ. ತಮ್ಮನನ್ನು ಅವನು ಆ ಬೆಟ್ಟದಿಂದ ಎತ್ತಿ ಇನ್ನೊಂದು ವಿಮಾನದಲ್ಲಿ ಕೂರಿಸುತ್ತಿದ್ದ ಎಂದು ಇವತ್ತು ನನಗೆ ಅರ್ಥವಾಗುತ್ತದೆ. ಆ ದಿನ ನನಗೆ ಕೇಳಿಸಿದ್ದು ಅಜ್ಜಿಯ ಮಾತು ಮಾತ್ರ.

"ಅಂದ್ರೆ ದೀಪದ ಕೆಳಗೆ ಕುದ್ದಿರುದು ಅವಂದಲ್ಲ. ಯಾವನದೋ ವಿಮಾನ ನಮ್ಮ ಕೋವಿ ಪಕ್ಕ ಎಂತಕೆ? ಗೂಡೆ, ತೆಗಿ ಅದ್ನ. ಒಲೆಗೆ ಹಾಕ್. ಎರಡ್ ಇಂಜಿನ್‌ದ್ ಮಾಡ್."

ನಾನು ಅಪ್ಪನನ್ನು ನೋಡಿದೆ. ಅವನು ಒಂದು ಮಾತು ಹೇಳಿದರೆ ಸಾಕಿತ್ತು. ಓದಿದ್ದು ತಪ್ಪಾಯಿತು, ಅವನು ಹಳೆಯದನ್ನೇ ಹಾರಿಸುತ್ತಿದ್ದಾನೆ ಎಂದರೆ ಮುಗಿಯುತ್ತಿತ್ತು. ಅಪ್ಪ ಕಾಗದ ಮಡಚುತ್ತಿದ್ದ. ಮಡಚಿದ ಕಾಗದವನ್ನು ಇನ್ನೂ ಚಿಕ್ಕದಾಗಿ ಮಡಚಿದ. ನನ್ನ ಕಡೆ ನೋಡಲೇ ಇಲ್ಲ. ಆಗ ನನ್ನ ಬಾಯಿಂದ ಅದು ಬಂದೇಬಿಟ್ಟಿತು.

"ಚಿಕ್ಕಪ್ಪ ಸತ್ತ್ ಹೋಗ್ಯೊಳೊ ಅಜ್ಜಿ! ಆಟಿಲೇ ಸತ್ತೊ. ಈಗ ಎರಡ್ ಗುಂಡ್ ಕೇಳ್ತಲ್ಲ, ಅಪ್ಪ ಹೊಡ್ದದ್, ಚಿಕ್ಕಪ್ಪಂಗೆ!"

ಅಜ್ಜಿ ಮುಖವನ್ನು ಅಪ್ಪನ ಕಡೆ ತಿರುಗಿಸಿದಳು. ಆ ಮುಖದಲ್ಲಿ ಹೆದರಿಕೆಯನ್ನು ನಾನು ಕಂಡದ್ದು ಅದೇ ಮೊದಲು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು.

"ಹೌದಾ?" ಎಂದು ಕೇಳಿದಳು.

ಅಪ್ಪ ಎರಡು ಹೆಜ್ಜೆ ಬಂದು ನನ್ನ ಕೆನ್ನೆಗೆ ಹೊಡೆದ. ನಾನು ಬಿದ್ದೆ. "ಸುಳ್ಳ್ ಅವ್ವಾ. ವಿಮಾನ ಸುಡಿಕೆ ಹೇಳಿದಿರಿಂತ ಹೊಟ್ಟೆಕಿಚ್ಚ್‌ಲಿ ಸುಳ್ಳ್ ಹೇಳ್ಯೊಳು" ಎಂದ. ಅಜ್ಜಿಗೆ ಅಷ್ಟು ಸಾಲಲಿಲ್ಲ. ನನ್ನನ್ನು ದೀಪದ ಹತ್ತಿರ ಕರೆಸಿದಳು, ಒಡಿಕತ್ತಿಯ ಮೇಲೆ ಕೈ ಇಡಿಸಿದಳು. ಕೈ ಇಟ್ಟಿದ್ದೇನೆಯೋ ಇಲ್ಲವೋ ಎಂದು ಅವಳೇ ಮುಟ್ಟಿ ನೋಡಿಕೊಂಡಳು. ನನ್ನ ಹಿಂದೆ ಅಪ್ಪನ ಉಸಿರು ಕೇಳುತ್ತಿತ್ತು. ಅವ್ವ ನನ್ನ ಭುಜ ಹಿಡಿದುಕೊಂಡು ಕಿವಿಯಲ್ಲಿ, "ಹೇಳ್ ಮಗ, ಹೇಳಿ ಮುಗ್ಸ್" ಎಂದಳು. ಚಿಕ್ಕಪ್ಪ ಬದುಕಿದ್ದಾನೆ, ನಾನು ಹೇಳಿದ್ದು ಸುಳ್ಳು ಎಂದು ನಾನು ಆಯುಧದ ಮೇಲೆ ಆಣೆ ಮಾಡಿದೆ. ಆಮೇಲೆ ವಿಮಾನವನ್ನು ಎತ್ತಿಕೊಂಡು ಬಚ್ಚಲಿಗೆ ಹೋದೆ. ಶಿವನೆ ಮರ ಹಾಲುವಾಣದ ಹಾಗಲ್ಲ, ಬೇಗ ಹತ್ತುವುದಿಲ್ಲ. ಜೇನುಮೇಣ ಕರಗಿ ತೊಟ್ಟಿಕ್ಕಿದ ಮೇಲೆ ರೆಕ್ಕೆಯಿಂದ ಉರಿ ಹಿಡಿಯಿತು. ಬಂದು "ಹಾಕಿದೆ" ಅಂದೆ.

ಆ ದಿನದ ನಂತರ ನಾನು ಉಳಿ ಮುಟ್ಟಲಿಲ್ಲ. ಕೈಗೆ ನೋವಾಗಿದೆ ಎಂದೆ, ಓದು ಜಾಸ್ತಿ ಇದೆ ಎಂದೆ. ಅಜ್ಜಿಯೂ ಬಲವಂತ ಮಾಡಲಿಲ್ಲ. ಯುದ್ಧ ಮುಗಿಯಿತು. ಊರಿನ ಹುಡುಗರು ಒಬ್ಬೊಬ್ಬರೇ ಪೆಟ್ಟಿಗೆ ಹೊತ್ತುಕೊಂಡು ಬಂದರು. ಒಂದೊಂದು ಮನೆಗೆ ಮಗ ಬಂದ ಸುದ್ದಿ ಕೇಳಿದಾಗಲೂ ಅಜ್ಜಿ ಸೀರೆ ಬದಲಿಸಿ ಕೈಸಾಲೆಗೆ ಬಂದು ಕೂರುತ್ತಿದ್ದಳು. ಅಪ್ಪನಿಗೆ ಸುಳ್ಳನ್ನು ನಿಲ್ಲಿಸುವ ದಾರಿ ಗೊತ್ತಿರಲಿಲ್ಲ. ಡೆಲ್ಲಿಯಲ್ಲಿ ಕೆಲಸ ಸಿಕ್ಕಿದೆ ಎಂದ, ರಜೆ ಸಿಗುತ್ತಿಲ್ಲ ಎಂದ. ಆಮೇಲೆ ಕಾಗದ ಓದುವುದನ್ನೇ ಕಡಿಮೆ ಮಾಡಿದ. ಸತ್ತ ಮಗನಿಗಾಗಿ ಅತ್ತು ಹಗುರಾಗುವ ಭಾಗ್ಯವನ್ನು ಅವನು ಅವಳಿಂದ ಕಿತ್ತುಕೊಂಡಿದ್ದ. ಅದರ ಬದಲು ಅವಳಿಗೆ ಸಿಕ್ಕಿದ್ದು ತಾಯಿಯನ್ನು ಮರೆತ ಮಗ. ಅವಳು ಮೊದಲು ಸೊಸೆಯನ್ನು ಬೈದಳು, ಆಮೇಲೆ ಅಪ್ಪನನ್ನು, ಕೊನೆಗೆ ಚಿಕ್ಕಪ್ಪನನ್ನೇ ಬೈಯತೊಡಗಿದಳು. ಎಷ್ಟು ಪ್ರೀತಿಸಿದ್ದಳೋ ಅಷ್ಟೇ ಬೈದಳು. ಯಾರೋ ಹೆಂಗಸನ್ನು ಕಟ್ಟಿಕೊಂಡಿದ್ದಾನೆ, ಕುರುಡಿ ತಾಯಿ ಇದ್ದಾಳೆ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ, ಅವನನ್ನು ಹೆರುವ ಬದಲು ಕಲ್ಲು ಹೆರಬೇಕಿತ್ತು.

ಮರುವರ್ಷ ಅವಳು ಹಾಸಿಗೆ ಹಿಡಿದಳು. ಆಗ ನನಗೆ ಹದಿನಾಲ್ಕು ತುಂಬಿತ್ತು. ಒಂದು ಬೆಳಿಗ್ಗೆ ಅಪ್ಪ ವೈದ್ಯರನ್ನು ಕರೆತರಲು ಹೋಗಿದ್ದ. ಅವ್ವ ಗಂಜಿ ಬೇಯಿಸುತ್ತಿದ್ದಳು. ನಾನು ಚಮಚದಲ್ಲಿ ನೀರು ಹಿಡಿದುಕೊಂಡು ಅಜ್ಜಿಯ ತಲೆಯ ಬಳಿ ಕೂತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಗೂಡೆ, ಕೇಳ್. ನಾ ಸತ್ತರೆ ಅವಂಗೆ ತಂತಿ ಕಳ್ಸ್‌ಬೇಡಿ. ಅವ ಬಂದರುಂ ನನ್ನ ಹೆಣ ಮುಟ್ಟಿಕೆ ಬುಡ್‌ಬೇಡಿ. ಅವ ನನ್ನ ಮಗ ಅಲ್ಲ."

ಆಮೇಲೆ ಬೇರೆಯೇ ದನಿಯಲ್ಲಿ, ಬೇಡುವ ದನಿಯಲ್ಲಿ, "ಅವ ಎಂತಕೆ ಬಾತಿಲ್ಲೆ? ನಾ ಅವಂಗೆ ಎಂಥ ಮಾಡಿಯೆ? ನಿಂಗೆ ಗೊತ್ತಿದ್ದರೆ ಹೇಳ್" ಎಂದು ಕೇಳಿದಳು. ಅವಳು ನನ್ನಿಂದ ಏನನ್ನಾದರೂ ಬೇಡಿದ್ದು ಅದೊಂದೇ ಸಲ.

ಹೇಳಬಹುದಿತ್ತು. ತಡೆಯಲು ಮನೆಯಲ್ಲಿ ಅಪ್ಪನೂ ಇರಲಿಲ್ಲ. ನಿನ್ನ ಮಗ ನಿನ್ನನ್ನು ಮರೆಯಲಿಲ್ಲ ಅಜ್ಜಿ, ಅವನು ಮೂರು ವರ್ಷದ ಹಿಂದೆಯೇ ಹೋದ, ಎಂದರೆ ಅವಳು ಅತ್ತು, ಅವನನ್ನು ಕ್ಷಮಿಸಿ, ಅವನು ಇರುವ ಕಡೆಗೇ ಹೋಗುತ್ತಿದ್ದೇನೆ ಎಂದುಕೊಂಡು ಸಾಯುತ್ತಿದ್ದಳು. ಆಣೆಗೆ ಹೆದರಿ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸಾಯುವವಳಿಗೆ ಯಾಕೆ ನೋವು ಎಂದು ಸುಮ್ಮನಿದ್ದೆ ಎಂದೂ ಹೇಳಿಕೊಂಡಿದ್ದೇನೆ. ಎರಡೂ ಅಲ್ಲ. ಆ ಮುಖದ ಸಂಕಟವನ್ನು ನಾನು ಒಂದು ಗೆರೆಯೂ ತಪ್ಪದಂತೆ, ಅವಳ ಬೆರಳಿನಷ್ಟೇ ನಿಧಾನವಾಗಿ ನೋಡುತ್ತಾ ಇದ್ದೆ.

"ನಂಗೆ ಗೊತ್ತಿಲ್ಲೆ ಅಜ್ಜಿ" ಎಂದು ಹೇಳಿ, ಅವಳ ಬಾಯಿಗೆ ನೀರು ಬಿಟ್ಟೆ.